ವಸುಂಧರೆ ಸತ್ತ ಮೇಲೆ

ವಸುಂಧರೆ ಚೆನ್ನಾಗಿಯೇ ಸತ್ತಳು. ಎರಡನೆಯ ಟೇಕಿಗೇ ಸೌಂಡ್ ಇಂಜಿನಿಯರ್ ಗಾಜಿನ ಆಚೆಯಿಂದ ಹೆಬ್ಬೆರಳೆತ್ತಿದ. ಕೊನೆಯ ಉಸಿರನ್ನು ಮೈಕಿನ ಮುಂದೆ ಬಿಟ್ಟು, ಹೆಡ್‌ಫೋನನ್ನು ಮೊಳೆಗೆ ನೇತುಹಾಕಿ ಹೊರಗೆ ಬಂದ ಯಶೋಧರಾಳಿಗೆ, ಈಗಷ್ಟೇ ತನ್ನ ಕೆಲಸವನ್ನು ತಾನೇ ಮುಗಿಸಿ ಬಂದೆ ಎಂಬುದು ಹೊಳೆದದ್ದು ಬಾಗಿಲ ಬಳಿ ಚಪ್ಪಲಿ ಹುಡುಕುವಾಗ. ಧಾರಾವಾಹಿಯ ನಾಯಕಿ ಮುಂಬೈಯಿಂದ ಬಂದ ಹುಡುಗಿ. ಅವಳಿಗೆ ಮದುವೆ ಗೊತ್ತಾಯಿತು. ಅದಕ್ಕಾಗಿ ಅವಳ ಪಾತ್ರ ವಸುಂಧರೆಗೆ ಲಾರಿ ಹೊಡೆಯಿತು. ಆ ಹುಡುಗಿಯ ತುಟಿ ಅಲುಗಾಡಿದಲ್ಲೆಲ್ಲ ಇಷ್ಟು ವರ್ಷ ಕನ್ನಡ ತುಂಬುತ್ತಿದ್ದವಳು ಯಶೋಧರಾ. ಅತ್ತೆಯ ಎದುರು ಬಿಕ್ಕಿದ್ದು, ಗಂಡನ ಎದುರು ನಕ್ಕದ್ದು, ದೇವರ ಮುಂದೆ ನಿಂತು ಒಂದಿಡೀ ಎಪಿಸೋಡು ಬೇಡಿಕೊಂಡದ್ದು, ಎಲ್ಲವೂ ಮಲ್ಲೇಶ್ವರದ ಈ ನೆಲಮಾಳಿಗೆಯಲ್ಲಿ, ಸದ್ದಾಗಬಾರದೆಂದು ಫ್ಯಾನು ನಿಲ್ಲಿಸಿದ ಸೆಕೆಯಲ್ಲಿ ನಡೆದಿತ್ತು. ಮೆಟ್ಟಿಲ ಮೇಲೆ ಬದರೀನಾರಾಯಣ ಫೋನಿನಲ್ಲಿ ಮಾತಾಡುತ್ತ ನಿಂತಿದ್ದರು. ಯಾರ ಬಾಯಿಗೆ ಯಾರ ದನಿ ಎಂದು ಗೊತ್ತುಮಾಡುವವರು ಅವರೇ. ನಿರ್ಮಾಪಕರು ಅವರಿಗೆ ಫೋನು ಮಾಡುತ್ತಿದ್ದರು, ಅವರು ಅವಳಿಗೆ ಮಾಡುತ್ತಿದ್ದರು. ಫೋನಿಗೆ ಕೈ ಅಡ್ಡ ಹಿಡಿದು, ಏನಾದರೂ ಬಂದರೆ ಹೇಳಿ ಕಳಿಸುತ್ತೇನಮ್ಮ ಎಂದರು. ಕೆಟ್ಟ ಮನುಷ್ಯನಲ್ಲ. ಆದರೆ ಇದೇ ಮೆಟ್ಟಿಲ ಮೇಲೆ ಅವರು ಇದೇ ಮಾತನ್ನು ಬೇರೆಯವರಿಗೆ ಹೇಳಿದ್ದನ್ನು ಅವಳು ಕೇಳಿದ್ದಳು. ಆ ಬೇರೆಯವರು ಮತ್ತೆ ಈ ಮೆಟ್ಟಿಲು ಇಳಿದು ಬಂದದ್ದನ್ನು ನೋಡಿರಲಿಲ್ಲ.

ಸಂಪಿಗೆ ರಸ್ತೆಗೆ ಬಂದಾಗ ಇನ್ನೂ ಬೆಳಗಿನ ಬಿಸಿಲು. ಹೂವಿನವರು ಮಾಲೆಗಳಿಗೆ ನೀರು ಚಿಮುಕಿಸುತ್ತಿದ್ದರು. ಇಷ್ಟು ಹೊತ್ತಿನಲ್ಲಿ ಹೊರಗೆ ಕಾಲಿಟ್ಟೇ ಎಷ್ಟೋ ದಿನವಾಗಿತ್ತು. ಎಲ್ಲರೂ ಎಲ್ಲಿಗೋ ಹೋಗುತ್ತಿರುವ ಹೊತ್ತು, ಹೋಗುವಲ್ಲಿ ಎಲ್ಲರಿಗಾಗಿಯೂ ಯಾರೋ ಕಾಯುತ್ತಿರುವ ಹೊತ್ತು. ಒಂದು ಹೋಟೆಲಿಗೆ ಹೊಕ್ಕು ಕಾಫಿ ಹೇಳಿದಳು. ಪಕ್ಕದಲ್ಲಿ ನಿಂತ ಇಬ್ಬರು ಹೆಂಗಸರು ವಸುಂಧರೆಯ ಬಗ್ಗೆಯೇ ಮಾತಾಡುತ್ತಿದ್ದರು. ಅವಳು ಗಂಡನ ಮನೆಗೆ ವಾಪಸು ಹೋಗಬೇಕೋ ಬೇಡವೋ ಎಂಬುದು ಅವರ ಚರ್ಚೆ. ಅವಳು ಎಲ್ಲಿಗೂ ಹೋಗುವುದಿಲ್ಲ, ಮುಂದಿನ ವಾರ ಸಾಯುತ್ತಾಳೆ, ಈಗ ತಾನೆ ಸಾಯಿಸಿ ಬಂದೆ ಎಂದು ಹೇಳಿಬಿಡಬೇಕೆಂಬ ಆಸೆ ಯಶೋಧರಾಳ ಗಂಟಲವರೆಗೆ ಬಂತು. ಅಷ್ಟರಲ್ಲಿ ಒಬ್ಬಾಕೆ ತಿರುಗಿ, ಇಲ್ಲಿ ಯಾರಾದರೂ ಕೂತಿದ್ದಾರೆಯೇ ಎಂದು ಕೇಳಿದಳು. ಇಲ್ಲ, ಕೂತುಕೊಳ್ಳಿ ಎಂದಳು ಯಶೋಧರಾ. ದಿನಾ ಸಂಜೆ ಆ ಹೆಂಗಸಿನ ಮನೆಯೊಳಗೆ ಅಳುವ ದನಿ, ಮೊಳದಷ್ಟು ದೂರದಿಂದ ಅವಳ ಕಿವಿಗೆ ಬಿತ್ತು. ಆಕೆ ಥ್ಯಾಂಕ್ಸ್ ಎಂದು ಕೂತು, ಬಿಟ್ಟಲ್ಲಿಂದ ಮಾತು ಮುಂದುವರಿಸಿದಳು.

ಆ ಹೋಟೆಲೆಂದರೆ ಯಶೋಧರಾಳಿಗೆ ಮೊದಲಿನಿಂದಲೂ ಒಂದು ಅಳುಕು. ಹಿಂದೆ ಒಮ್ಮೆ ಅಪ್ಪನನ್ನು ಇಲ್ಲಿಗೆ ಕರೆತಂದಿದ್ದಳು. ದಾಸಪ್ಪ ಬಿನ್ನಿಪೇಟೆಯ ಮಿಲ್ಲಿನಲ್ಲಿ ಮಗ್ಗ ನಡೆಸಿದವನು. ಮಿಲ್ಲು ಮುಚ್ಚುವ ಹೊತ್ತಿಗೆ ಮಗ್ಗಗಳ ಸದ್ದು ಅವನ ಕಿವಿಯನ್ನು ಮುಕ್ಕಾಲು ತಿಂದಿತ್ತು. ದೋಸೆಯೋ ಇಡ್ಲಿಯೋ ಎಂದು ಅವಳು ಮನೆಯಲ್ಲಿ ಕೇಳುವಂತೆಯೇ ಕೇಳಿದ್ದಳು. ಹೋಟೆಲಿಗೆ ಹೋಟೆಲೇ ತಿರುಗಿ ನೋಡಿತ್ತು. ಎದುರು ಮೇಜಿನ, ಪೇಪರು ಓದುತ್ತಿದ್ದ ಹಿರಿಯರೊಬ್ಬರು ತುಟಿಯ ಮೇಲೆ ಬೆರಳಿಟ್ಟಿದ್ದರು. ಆಮೇಲೆ ಅವಳು ಪಿಸುಮಾತಿನಲ್ಲಿ ಕೇಳಿದಳು, ಅಪ್ಪನಿಗೆ ಕೇಳಿಸಲಿಲ್ಲ. ಅವನು ನಕ್ಕು ತಲೆಯಾಡಿಸಿದ, ಬಂದದ್ದನ್ನು ತಿಂದ. ಅದಾದ ಮೇಲೆ ಅವಳು ಅವನನ್ನು ಎಲ್ಲಿಗೂ ಕರೆದುಕೊಂಡು ಹೋಗಿರಲಿಲ್ಲ. ಅವನೂ ಕೇಳಲಿಲ್ಲ. ನನಗೆ ನಡೆದರೆ ಸುಸ್ತು ಕಣವ್ವ ಎನ್ನುತ್ತಿದ್ದ. ಸುಸ್ತು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಆ ಸುಳ್ಳನ್ನು ಅಪ್ಪ ಹೇಳುವಂತಾಯಿತಲ್ಲ, ತಾನು ಹೇಳಬೇಕಾದದ್ದನ್ನು ಎಂದು ಕಾಫಿಯ ಕೊನೆಯ ಗುಟುಕಿನಲ್ಲಿ ಅವಳಿಗೆ ಅನ್ನಿಸಿತು.

ಸ್ಟುಡಿಯೋದಲ್ಲಿ ಸಂಭಾಷಣೆಯ ಹಾಳೆ ಹಿಡಿದು ಸಾಲು ತೋರಿಸುವ ಹುಡುಗಿ ಆರಾಧನಾ. ಚಾಮರಾಜಪೇಟೆಯವಳು, ಸಂಜೆ ಕಾಲೇಜಿನಲ್ಲಿ ಬಿಸಿನೆಸ್ ಮ್ಯಾನೇಜ್‌ಮೆಂಟ್ ಓದುತ್ತಿದ್ದಳು. ಮರುದಿನ ಅವಳೇ ಬಿನ್ನಿಪೇಟೆಯ ಮನೆ ಹುಡುಕಿಕೊಂಡು ಬಂದಳು. ಯಶೋಧರಾಳ ತಾಯಿ ಪಾರ್ವತಮ್ಮ ಕೊಟ್ಟ ಮಜ್ಜಿಗೆ ಕುಡಿದು, ಯಶೋಧರಾಳನ್ನು ಇಂಟರ್‌ವ್ಯೂ ಮಾಡುವವಳಂತೆ ನೋಡಿದಳು.

"ಅಕ್ಕಾ, ನಿಮ್ದು ಮಾರ್ಕೆಟಿಂಗ್ ಪ್ಲ್ಯಾನ್ ಏನು?"

"ಬದರಿ ಸಾರ್ ಹೇಳಿ ಕಳಿಸ್ತೀನಿ ಅಂದಿದಾರಲ್ಲ."

"ಅದು ಪ್ಲ್ಯಾನ್ ಅಲ್ಲ ಅಕ್ಕಾ. ಅದು ಕಾಯೋದು."

ಹಾಗೆ ಮೊದಲನೆಯ ಪ್ಲ್ಯಾನು ಹುಟ್ಟಿತು. ಅದು ಬಹಳ ದೊಡ್ಡ ಪ್ಲ್ಯಾನು. ಊರಿನ ಜಾಹೀರಾತು ಕಂಪನಿಗಳು, ಎಫ್.ಎಂ., ಮುಂಬೈಯ ಏಜೆಂಟರು ಎಲ್ಲರೂ ಅದರಲ್ಲಿದ್ದರು. ಪರಿಚಯದ ಇಂಜಿನಿಯರನನ್ನು ಕಾಡಿ ಬೇಡಿ ಒಂದು ಸೀಡಿ ಮಾಡಿಸಿದರು. ಅದರಲ್ಲಿ ಯಶೋಧರಾ ಮಗುವಾಗಿ ಬಿಸ್ಕತ್ತು ಕೇಳಿದಳು, ಅಜ್ಜಿಯಾಗಿ ಕೆಮ್ಮಿದಳು, ಹಳ್ಳಿಯ ಹೆಂಗಸಾಗಿ ಬೈದಳು, ರಾಣಿಯಾಗಿ ಅಪ್ಪಣೆ ಕೊಟ್ಟಳು, ವಸುಂಧರೆಯಾಗಿ ಬಿಕ್ಕಿದಳು. ಆರಾಧನಾ ಕಣ್ಣರಳಿಸಿ ಕೇಳಿದಳು. ಯಶೋಧರಾಳಿಗೂ ಹೆಮ್ಮೆಯೇ ಆಯಿತು. ಒಂದು ಗಂಟಲಲ್ಲಿ ಇಷ್ಟು ಜನ ಬಾಡಿಗೆಗೆ ಇದ್ದಾರೆಂದು ಅವಳಿಗೇ ಗೊತ್ತಿರಲಿಲ್ಲ. ಬಸ್ಸು ಹತ್ತಿಳಿದು ಆಫೀಸು ಆಫೀಸಿಗೆ ಸೀಡಿ ಕೊಟ್ಟು ಬಂದಳು. ಎಲ್ಲೆಡೆ ಸೋಫಾ, ತಣ್ಣನೆ ಗಾಳಿ, ಇಂಗ್ಲಿಷಿನಲ್ಲಿ ನಗುವ ಹುಡುಗಿಯರು. ಒಂದು ಕಡೆ ಸೀಡಿ ಕೊಟ್ಟು, ಛತ್ರಿ ಮರೆತೆನೆಂದು ಅರ್ಧ ದಾರಿಯಿಂದ ವಾಪಸು ಹೋದರೆ, ಅದೇ ಸೀಡಿಯ ಮೇಲೆ ಟೀ ಲೋಟ ಕೂತಿತ್ತು. ಲೋಟದ ಕೆಳಗೆ ಮಗು, ಅಜ್ಜಿ, ರಾಣಿ, ವಸುಂಧರೆ. ಸ್ವಾಗತದ ಹುಡುಗಿ ನಾಚಿಕೊಂಡು ಲೋಟ ಎತ್ತಿದಳು. ಪರವಾಗಿಲ್ಲ ಬಿಡಿ ಎಂದು ಯಶೋಧರಾಳೇ ಅವಳನ್ನು ಸಮಾಧಾನ ಮಾಡಿ, ಛತ್ರಿ ತೆಗೆದುಕೊಳ್ಳದೆಯೇ ಹೊರಗೆ ಬಂದಳು.

ಒಬ್ಬನೇ ಒಬ್ಬ ಪೂರ್ತಿ ಕೇಳಿದ. ಚಿಕ್ಕ ವಯಸ್ಸಿನವನು, ಹೆಸರು ವಸಿಷ್ಠ, ಜಾಹೀರಾತಿಗೆ ಮಾತು ಬರೆಯುವವನು. ಅವನ ಮುಖದಲ್ಲಿ ತಾತ್ಸಾರವಿರಲಿಲ್ಲ, ಅದರಿಂದಲೇ ಅವನ ಮಾತು ಹೆಚ್ಚು ತಾಗಿತು. "ತುಂಬಾ ಚೆನ್ನಾಗಿದೆ ಮೇಡಂ," ಅಂದ. "ಇದ್ರಲ್ಲಿ ನಿಮ್ಮ ದನಿ ಯಾವ್ದು?"

ಬಸ್ಸಿನಲ್ಲಿ ಕಿಟಕಿಯ ಕಂಬಿಗೆ ಹಣೆ ಆನಿಸಿಕೊಂಡು ಅವಳು ಆ ಪ್ರಶ್ನೆಯನ್ನು ಹೊತ್ತುಕೊಂಡು ಬಂದಳು. ಯಾವುದು? ಕಂಡಕ್ಟರನಿಗೆ ಚಿಲ್ಲರೆ ಕೇಳಿದ್ದು ಯಾರ ದನಿ? ಸ್ಟುಡಿಯೋದ ಹೊರಗೆ ತಾನು ಮೆತ್ತಗೆ, ತಗ್ಗಿ, ಅಕ್ಷರ ತಪ್ಪದಂತೆ ಹೆದರಿಕೊಂಡು ಆಡುವ ಮಾತು ಒಂದು ಬಗೆಯ ಡಬ್ಬಿಂಗೇ ಅಲ್ಲವೇ? ಮಲ್ಲೇಶ್ವರಕ್ಕೆ ತಕ್ಕಂತೆ, ಬಸವನಗುಡಿಗೆ ತಕ್ಕಂತೆ, ಎದುರಿಗಿರುವವರ ತುಟಿಗೆ ತಕ್ಕಂತೆ. ವಸುಂಧರೆ ಸತ್ತಳು ಸರಿ. ಇಷ್ಟು ದಿನ ಅವಳ ಹಿಂದೆ ನಿಂತವಳು ಬದುಕಿದ್ದಳೋ ಇಲ್ಲವೋ ಎಂಬುದು ಅವಳಿಗೆ ಆ ಸಂಜೆ ನಿಜವಾಗಿ ಅನುಮಾನವಾಯಿತು.

ಮನೆಗೆ ಬಂದರೆ ದಾಸಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಕಣ್ಣಿನ ಪೊರೆ ತೋರಿಸಲು ಚಾಮರಾಜಪೇಟೆಯ ಟ್ರಸ್ಟಿನ ಆಸ್ಪತ್ರೆಗೆ ಒಬ್ಬನೇ ಹೋಗಿ, ಡಾಕ್ಟರನ್ನು ನೋಡದೆ ವಾಪಸು ಬಂದಿದ್ದ. ನಡೆದದ್ದನ್ನು ಪಾರ್ವತಮ್ಮ ಹೇಳಿದಳು. ಅವನ ಟೋಕನ್ನು ಎಪ್ಪತ್ತೊಂದು. ಮೈಕಿನಲ್ಲಿ ಇಪ್ಪತ್ತೊಂದು ಕೂಗಿದಾಗ ಎದ್ದು ಹೋಗಿದ್ದಾನೆ; ಎಲ್ಲರೆದುರು ಗದರಿಸಿಕೊಂಡು ಬಂದು ಕೂತಿದ್ದಾನೆ. ಮತ್ತೆ ಎಪ್ಪತ್ತೊಂದು ಕೂಗಿದಾಗ ಅದೂ ಇಪ್ಪತ್ತೊಂದೇ ಇರಬೇಕೆಂದು ಏಳಲೇ ಇಲ್ಲ. ಯಶೋಧರಾ ಅಪ್ಪನ ಎದುರು ಹೋಗಿ, ಅವನಿಗೆ ತನ್ನ ಬಾಯಿ ಕಾಣುವಂತೆ ಕೂತಳು. "ನಾಳೆ ನಾನು ಬರ್ತೀನಪ್ಪ," ಎಂದಳು. ಅವನು ಅವಳನ್ನು ನೋಡಿ, "ನಿಂಗ್ಯಾಕವ್ವ, ಅಲ್ಲಿ ಜನ ಇರ್ತಾರೆ," ಎಂದ. ಅಷ್ಟೇ ಅಂದದ್ದು. ಅವಳು ಅಡಿಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸಿ ನಿಂತಳು.

ಆಸ್ಪತ್ರೆಯ ಹಾಲಿನಲ್ಲಿ ಅರ್ಧ ಜನಕ್ಕೆ ಒಂದು ಕಣ್ಣಿಗೆ ಪಟ್ಟಿ. ಗೋಡೆಯ ಬೋರ್ಡು ಓದಲಾಗದವರು, ಬರೀ ಕಿವಿಯ ಮೇಲೆ ಜೀವ ಇಟ್ಟುಕೊಂಡು ಕೂತಿದ್ದರು. ಮೈಕು ಗೊರಗೊರ ಎನ್ನುತ್ತಿತ್ತು. ಪ್ರತಿ ಸಲ ಕೂಗಿದಾಗಲೂ ನಾಲ್ಕೈದು ಜನ ಎದ್ದು, ಪಕ್ಕದವರನ್ನು ಕೇಳಿ, ಮತ್ತೆ ಕೂರುತ್ತಿದ್ದರು. ಅಪ್ಪನಿಗೆ ಹೇಳಲೆಂದು ಯಶೋಧರಾ ಮೊದಮೊದಲು ಅವನ ಕಿವಿಯ ಹತ್ತಿರ ಬಾಗಿದಳು. ಅವನಿಗೆ ಕೇಳಿಸಲಿಲ್ಲ. ಅವನು ಹೋಟೆಲಿನಲ್ಲಿ ನಕ್ಕಂತೆಯೇ ನಕ್ಕು ತಲೆಯಾಡಿಸಿದ. ಆ ನಗುವನ್ನು ಇನ್ನೊಮ್ಮೆ ನೋಡಲು ಅವಳಿಂದಾಗಲಿಲ್ಲ. ಅವಳು ನೆಟ್ಟಗೆ ಕೂತು, ಮನೆಯ ದನಿಯಲ್ಲಿ, ಕೂಗದೆ, ಅವಸರಪಡದೆ, ಒಂದೊಂದು ಅಕ್ಷರವನ್ನೂ ಪೂರ್ತಿ ಬಿಡಿಸಿ ಹೇಳಿದಳು: "ಅರವತ್ತೆರಡು. ಆರು, ಎರಡು. ಮೂರನೇ ರೂಮು." ಹಾಲಿಗೆ ಹಾಲೇ ತಿರುಗಿತು. ಈ ಸಲವೂ ಯಾರಾದರೂ ತುಟಿಯ ಮೇಲೆ ಬೆರಳಿಡುತ್ತಾರೆಂದು ಕಾದಳು. ಯಾರೂ ಇಡಲಿಲ್ಲ. ಹಿಂದಿನ ಬೆಂಚಿನ ಮುದುಕಿಯೊಬ್ಬಳು, "ಹಂಗೇ ಹೇಳವ್ವ, ನಮಗೂ ಕೇಳ್ತದೆ," ಎಂದಳು. ಮುಂದಿನ ನಂಬರಿಗೆ ಇಡೀ ಹಾಲು ಮೈಕನ್ನು ಬಿಟ್ಟು ಅವಳ ಬಾಯಿ ನೋಡಿತು. ಅವಳು ಹೇಳಿದಳು. ಒಬ್ಬ ಮಾತ್ರ ಎದ್ದ, ಸರಿಯಾದವನು.

ಇಷ್ಟರಲ್ಲಿ ಒಳಗಿನಿಂದ ವ್ಯವಸ್ಥಾಪಕರು ಬಂದರು. ರಾಮಸ್ವಾಮಿ ಎಂದು ಅವರ ಹೆಸರು, ಅಂಗಿಯ ಜೇಬಿನಲ್ಲಿ ಮೂರು ಪೆನ್ನು, ಕಣ್ಣಿನ ಸುತ್ತ ನಿದ್ದೆಗೆಟ್ಟ ಕಪ್ಪು. ಎರಡೆರಡು ಕಡೆಯಿಂದ ಕೂಗಿದರೆ ಗೊಂದಲವಾಗುತ್ತದೆ, ದಯವಿಟ್ಟು ಸುಮ್ಮನಿರಬೇಕೆಂದು ಅವಳಿಗೆ ಹೇಳಿದರು. ಅವಳು ಸುಮ್ಮನಾದಳು. ಆದರೆ ಅವಮಾನವೆಂಬುದು ಯಾವಾಗಲೂ ಬರುವ ದಾರಿಯಲ್ಲಿ ಅವತ್ತು ಬರಲಿಲ್ಲ. ಅವಳ ಕಣ್ಣು ಗೋಡೆಯ ಮೇಲಿತ್ತು. ಅಲ್ಲಿ ಎಲೆಕ್ಟ್ರಿಷಿಯನ್ ಒಬ್ಬ ಹೊಸ ವೈರು ಎಳೆಯುತ್ತಿದ್ದ. ಏನದು ಎಂದು ಕೇಳಿದಳು. ನಂಬರು ಕೂಗುವ ಮಷೀನು ಬರುತ್ತದೆ, ಇನ್ನು ಈ ಮೈಕಿನ ಗೋಳಿಲ್ಲ ಎಂದ. ಮಷೀನಿನಲ್ಲಿ ಮಾತಾಡುವವರು ಯಾರು ಎಂದು ಅವಳು ಕೇಳಿದಾಗ ಅವನು ತಲೆ ಕೆರೆದುಕೊಂಡು, ಅದು ಮಷೀನೇ ಮಾತಾಡುತ್ತಲ್ಲ ಎಂದ. ಅಪ್ಪನ ಸರದಿ ಬಂದಿತ್ತು. ಅವಳು ಅವನ ತೋಳು ಹಿಡಿದು, ಹಾಲಿನ ನಡುವೆ, ಎಲ್ಲರಿಗೂ ಕೇಳುವಂತೆ, "ಬಾಪ್ಪ, ನಮ್ಮ ನಂಬರು," ಎಂದಳು.

ಎರಡನೆಯ ಪ್ಲ್ಯಾನು ಆ ವಾರ ಆಯಿತು. ಆರಾಧನಾ ಹಳೆಯ ಪ್ಲ್ಯಾನನ್ನೇ ತಿದ್ದಲು ಬಂದಿದ್ದಳು. ಯಶೋಧರಾ ಅದನ್ನು ಪಕ್ಕಕ್ಕಿಟ್ಟಳು. ತನ್ನ ದನಿ ಯಾರಿಗೆ ಇಷ್ಟವಾಗುತ್ತದೆ ಎಂದು ಇಷ್ಟು ದಿನ ಕೇಳಿಕೊಂಡದ್ದೇ ತಪ್ಪು. ಒಂದೇ ಸಲಕ್ಕೆ ಕೇಳದಿದ್ದರೆ ಎಲ್ಲಿ ಜನಕ್ಕೆ ತೊಂದರೆಯಾಗುತ್ತದೆ ಎಂದು ಕೇಳಬೇಕು. ಆಸ್ಪತ್ರೆ. ಬ್ಯಾಂಕಿನವರು ಹೊಸದಾಗಿ ಹಾಕಿಸುತ್ತಿರುವ, ಫೋನಿಗೆ ತಾನೇ ಉತ್ತರ ಹೇಳುವ ಮಷೀನು. ಬಸ್ ನಿಲ್ದಾಣ. ಗ್ಯಾಸು ಬುಕ್ ಮಾಡುವ ನಂಬರು. ಬಿಸ್ಕತ್ತು, ಸೋಪು, ಒಡವೆಗಳನ್ನು ಹೊಡೆದುಹಾಕಿದಳು. ಮುಂಬೈಯನ್ನೂ. ಬಸ್ಸಿನಲ್ಲಿ ಹೋಗಿ ಅದೇ ದಿನ ವಾಪಸು ಬರಬಹುದಾದ ಜಾಗಗಳು ಮಾತ್ರ. ವಾರದಲ್ಲಿ ಒಂದು ದಿನ ಹೊಸ ಬಾಗಿಲು, ಒಂದು ದಿನ ಹಿಂದೆ ಹೋದ ಬಾಗಿಲಿಗೆ ಮತ್ತೆ ಹೋಗುವುದು, ಉಳಿದದ್ದು ಅಭ್ಯಾಸಕ್ಕೆ, ಸಿಕ್ಕಿದ ಡಬ್ಬಿಂಗಿಗೆ. ಹೋಗುವ ಮೊದಲು ಅಲ್ಲಿ ಒಂದು ಹೊತ್ತು ಸುಮ್ಮನೆ ಕೂತು, ಜನರಿಗೆ ಏನು ಕೇಳಿಸುತ್ತಿಲ್ಲ ಎಂದು ನೋಡುವುದು. ಸೀಡಿಯಲ್ಲಿ ಒಂದೇ ದನಿ, ಅವರದೇ ಜಾಗದ ಮಾತು. ಪುಕ್ಕಟೆ ಕೊಡುವುದು ಆ ತುಣುಕು ಮಾತ್ರ.

"ತುಂಬಾ ಚಿಕ್ಕದಾಯ್ತಲ್ವಾ ಅಕ್ಕಾ?" ಎಂದಳು ಆರಾಧನಾ.

"ಚಿಕ್ಕದೇ. ನಾನು ಇರೋದು ಒಬ್ಳೇ ಅಲ್ವಾ."

ಕಷ್ಟವಾದದ್ದು ತನ್ನ ದರ ಹೇಳುವುದು. ಅದುವರೆಗೆ ಅವಳ ಬೆಲೆಯನ್ನು ಬದರೀನಾರಾಯಣರು ಹೇಳುತ್ತಿದ್ದರು, ಎಷ್ಟು ಹೇಳುತ್ತಿದ್ದರೆಂದು ಅವಳು ಕೇಳಿದವಳಲ್ಲ. ಆರಾಧನಾ ಎದುರು ಕೂತು ಗಿರಾಕಿಯಾದಳು. ರಾಣಿಯಾಗಿ ಅಪ್ಪಣೆ ಕೊಟ್ಟ ಗಂಟಲು, ಒಂದು ಮೊತ್ತ ಹೇಳಲು ಹೊರಟರೆ ಕಟ್ಟಿಕೊಳ್ಳುತ್ತಿತ್ತು. ಹೇಳಿದ ಮೇಲೂ ಸುಮ್ಮನಿರಲಾಗದೆ, ನೋಡಿ ಕೊಡಿ, ಹೆಚ್ಚುಕಮ್ಮಿ ಮಾಡೋಣ ಎಂದು ತಾನೇ ಬಾಲ ಸೇರಿಸಿಬಿಡುತ್ತಿದ್ದಳು. ಕೊನೆಗೆ ಅವಳು ಅಪ್ಪನ ಎದುರು ಕೂತು ಹೇಳಿ ನೋಡಿದಳು. ಅವನಿಗೆ ಬಾಲ ಕೇಳಿಸುತ್ತಿರಲಿಲ್ಲ. ಬಿಡಿಸಿ ಹೇಳಿದ ಮೊತ್ತವಷ್ಟೇ ಕೇಳಿಸುತ್ತಿತ್ತು. "ಸರಿಯಾಗೇ ಹೇಳ್ತಿದೀಯ," ಎಂದ ದಾಸಪ್ಪ, ಆಪರೇಷನ್ನಾದ ಕಣ್ಣಿನ ಹಸಿರು ಪಟ್ಟಿಯ ಕೆಳಗಿನಿಂದ ನೋಡುತ್ತ. "ಅಷ್ಟು ಕೇಳಿ ಸುಮ್ನೆ ಕೂತ್ಕೊ."

ಮೊದಲ ಬಾಗಿಲು ಕಣ್ಣಿನ ಆಸ್ಪತ್ರೆ; ರಾಮಸ್ವಾಮಿಯವರು ಅವಳ ಗುರುತು ಹಿಡಿದರು. ಅವತ್ತು ಹಾಲಿನಲ್ಲಿ ನಂಬರು ಕೂಗುತ್ತಿದ್ದವರಲ್ಲವೇ ಎಂದರು. ಹೌದು, ಈಗ ಅದೇ ಕೆಲಸ ಕೇಳಲು ಬಂದಿದ್ದೇನೆ ಎಂದಳು. ಮಷೀನಿನ ಕಂಪನಿಯವರೇ ಯಾರದೋ ದನಿ ಹಾಕಿ ಕೊಟ್ಟಿದ್ದಾರೆಂದು ಅವರು ಹೇಳಿದರು. ಆದರೆ ಆ ದನಿಯನ್ನು ಒಮ್ಮೆ ಕೇಳಬಹುದೇ ಎಂದು ಕೇಳುವಷ್ಟು ಅವಳು ಅಲ್ಲಿ ಉಳಿದಳು. ಅದು ಚಂದದ ದನಿ, ವಿಮಾನದಲ್ಲಿ ಮಾತಾಡುವವರ ದನಿ. ಈ ದನಿ, ನಾನು ತಂದಿರುವ ಸೀಡಿ, ಎರಡನ್ನೂ ಹಾಲಿನಲ್ಲಿ ಹಾಕಿ ನೋಡಿ, ಆಮೇಲೆ ನಿಮ್ಮಿಷ್ಟ ಎಂದಳು. ರಾಮಸ್ವಾಮಿ ಗಡಿಯಾರ ನೋಡಿಕೊಂಡರು, ಆದರೂ ಎದ್ದರು. ಅವರೂ ಆ ಗದ್ದಲದಲ್ಲಿ ದಿನವಿಡೀ ಬೇಯುವವರೇ. ಬಾಗಿಲಲ್ಲಿ ಇಬ್ಬರೂ ನಿಂತರು. ಚಂದದ ದನಿ ಎಪ್ಪತ್ತು ಎಂದಿತು. ಮೂವರು ಎದ್ದರು, ಒಬ್ಬಳು ಕೌಂಟರಿನತ್ತ ನಡೆದೇಬಿಟ್ಟಳು. ಸ್ವಲ್ಪ ಹೊತ್ತು ಬಿಟ್ಟು ಯಶೋಧರಾಳ ಸೀಡಿ ಹಾಕಿದರು. ತನ್ನ ದನಿ ಯಾರ ತುಟಿಯನ್ನೂ ಹುಡುಕದೆ, ಹಾಲಿನ ಮೇಲಿಂದ ನೇರವಾಗಿ ಬರುವುದನ್ನು ಅವಳು ಮೊದಲ ಸಲ ಕೇಳಿದಳು. ಎಪ್ಪತ್ತೊಂದು. ಏಳು, ಒಂದು. ಎರಡನೇ ರೂಮು. ಗೋಡೆ ಪಕ್ಕದ ಬೆಂಚಿನಿಂದ ಒಬ್ಬ ಮುದುಕ ಎದ್ದು, ಯಾರನ್ನೂ ಕೇಳದೆ, ಎರಡನೇ ರೂಮಿನೊಳಗೆ ಹೋದ. ಉಳಿದವರು ಅಲ್ಲಾಡಲಿಲ್ಲ. ಯಶೋಧರಾಳ ಎದೆಯೊಳಗೆ ಏನೋ ಒಂದು, ಇಷ್ಟು ವರ್ಷ ಮಡಿಸಿಟ್ಟದ್ದು, ಎದ್ದು ನಿಂತಿತು.

ಒಳಗೆ ಬಂದು ಕೂತ ಮೇಲೆ ರಾಮಸ್ವಾಮಿ ದರ ಕೇಳಿದರು. ಅವಳು ಹೇಳಿದಳು. ಹೇಳಿ ಸುಮ್ಮನೆ ಕೂತಳು. ಫ್ಯಾನು ತಿರುಗುತ್ತಿತ್ತು. ಆ ಮೌನದೊಳಗೆ ಬಾಲವೊಂದು ಬಂದು ನಾಲಿಗೆಯ ತುದಿಯಲ್ಲಿ ನಿಂತಿತು, ಅದನ್ನು ನುಂಗಿದಳು.

"ಇದು ಟ್ರಸ್ಟ್ ಆಸ್ಪತ್ರೆ ಕಣಮ್ಮ," ಎಂದರು ಅವರು.

"ಗೊತ್ತು ಸಾರ್, ನಮ್ಮಪ್ಪನ ಕಣ್ಣು ಇಲ್ಲೇ ಆಗಿದ್ದು. ಬರೋ ವರ್ಷ ನಂಬರು, ರೂಮು ಏನಾದ್ರೂ ಬದಲಾದ್ರೆ ಸುಮ್ನೆ ಬಂದು ಮಾಡ್ಕೊಡ್ತೀನಿ. ದರ ಮಾತ್ರ ಇದೇ."

ಅವರು ಪೆನ್ನಿನ ಕ್ಯಾಪು ತೆಗೆದು, ಹಾಕಿ, ಮತ್ತೆ ತೆಗೆದರು. ಆಮೇಲೆ ಆಗಲಿ ಎಂದರು. ಬಸವನಗುಡಿಯ ಹೆರಿಗೆ ಆಸ್ಪತ್ರೆಯವರೂ ಇದೇ ಮಷೀನು ಹಾಕಿಸುತ್ತಿದ್ದಾರಂತೆ, ನೀವು ಅಲ್ಲಿಗೆ ಒಂದು ಮಾತು ಹೇಳಿದರೆ ನನಗೆ ಉಪಕಾರ ಎಂದು ಅವಳು ಎದ್ದು ನಿಂತು ಕೇಳಿದಳು. ಅದೂ ಪ್ಲ್ಯಾನಿನಲ್ಲಿತ್ತು. ರಾಮಸ್ವಾಮಿ ಮೊದಲ ಸಲ ನಕ್ಕರು. ಅವಳೆದುರೇ ಫೋನು ಎತ್ತಿಕೊಂಡರು.

ಎಲ್ಲ ಬಾಗಿಲೂ ಹಾಗೆ ತೆರೆಯಲಿಲ್ಲ. ಬಸ್ ನಿಲ್ದಾಣದವರು ಓಡಾಡಿಸಿ ಓಡಾಡಿಸಿ ಇಲ್ಲವೆಂದರು. ಹೆರಿಗೆ ಆಸ್ಪತ್ರೆ ಕೆಲಸ ಕೊಟ್ಟಿತು, ಅಲ್ಲಿಂದ ಒಂದು ರಕ್ತನಿಧಿ, ಅಲ್ಲಿಂದ ಗ್ಯಾಸಿನ ಏಜೆನ್ಸಿ. ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಸೆಕೆಂಡ್‌ಹ್ಯಾಂಡ್ ಮೈಕೊಂದನ್ನು ಕೊಂಡು, ಮನೆಯ ಬೀರುವಿನೊಳಗೆ ಹೊದಿಕೆ ತೂಗುಹಾಕಿ, ಬಾಗಿಲು ತೆರೆದು ಅದರೆದುರು ಕೂತು ರೆಕಾರ್ಡು ಮಾಡುತ್ತಿದ್ದಳು. ಆ ಹೊತ್ತಿನಲ್ಲಿ ಪಾರ್ವತಮ್ಮ ಒಗ್ಗರಣೆ ಹಾಕುತ್ತಿರಲಿಲ್ಲ. ಭಾನುವಾರಗಳಲ್ಲಿ ದಾಸಪ್ಪನೊಂದಿಗೆ ಹೋಟೆಲಿಗೆ ಹೋಗಿ, ಅವನಿಗೆ ಕೇಳುವಷ್ಟು ದನಿಯಲ್ಲಿ ಅವನಿಗೇನು ಬೇಕೆಂದು ಕೇಳುತ್ತಿದ್ದಳು. ಜನ ತಿರುಗಿ ನೋಡುತ್ತಿದ್ದರು, ನೋಡಿ ಮತ್ತೆ ತಿನ್ನುತ್ತಿದ್ದರು. ಅವನು ಯಾವಾಗಲೂ ಖಾಲಿ ದೋಸೆಯೇ ಹೇಳುತ್ತಿದ್ದ.

ದೀಪಾವಳಿಗೆ ಮುಂಚೆ ಬದರೀನಾರಾಯಣರ ಫೋನು ಬಂತು. ಹೊಸ ಧಾರಾವಾಹಿ, ನಾಯಕಿಯ ದನಿ, ದಿನಾ ಕೆಲಸ, ನಾಳೆಯೇ ಬಂದುಬಿಡಬೇಕು ಎಂದರು. ಮೈ ಹಳೆಯ ಅಭ್ಯಾಸದಿಂದ ಎದ್ದು ನಿಂತಿತ್ತು; ಅದನ್ನು ಗಮನಿಸಿ ಅವಳು ಮತ್ತೆ ಕೂತಳು. ವಾರದಲ್ಲಿ ಎರಡು ದಿನ ಮಾತ್ರ ಸಾಧ್ಯ ಸಾರ್, ಉಳಿದ ದಿನ ನನ್ನ ಕೆಲಸ ಇದೆ ಎಂದು ತನ್ನ ದರವನ್ನೂ ಹೇಳಿದಳು. ನಿರ್ಮಾಪಕರನ್ನು ಕೇಳಿ ಹೇಳುತ್ತೇನಮ್ಮ ಎಂದರು. ಸಂಜೆ ಅವರೇ ಫೋನು ಮಾಡಿ ಒಪ್ಪಿಕೊಂಡರು. ದನಿಯಲ್ಲಿ ಮುನಿಸಿತ್ತು, ಅದರೊಳಗೆ ಒಂದು ಹೊಸ ಮರ್ಯಾದೆಯೂ ಇತ್ತು. ದನಿಗಳ ಒಳಗಿರುವುದನ್ನು ಕೇಳಿಸಿಕೊಳ್ಳುವುದೇ ಅಲ್ಲವೇ ಅವಳ ಕಸುಬು.

ಆ ವಾರದ ಹೊಸ ಬಾಗಿಲು ಗಾಂಧಿಬಜಾರಿನ ಹತ್ತಿರದ ಒಂದು ಸಹಕಾರಿ ಬ್ಯಾಂಕು. ಪಿಂಚಣಿಗೆ ಬಂದವರು ಬೆಂಚಿನ ತುಂಬ ಕೂತಿದ್ದರು. ಹಿಂದಿನ ದಿನ ಬಂದು ಅವರ ನಡುವೆ ಕೂತು ಹೋಗಿದ್ದಳು. ಅವರಿಗೆ ಏನು ಕೇಳಿಸುತ್ತಿಲ್ಲವೆಂದು ಅವಳಿಗೆ ಗೊತ್ತಿತ್ತು. ಮುಂದಿನ ಮೇಜಿನ ಗುಮಾಸ್ತ ತಲೆಯೆತ್ತದೆ, ಮ್ಯಾನೇಜರನ್ನು ನೋಡಬೇಕೆಂದವರಿಗೆಲ್ಲ ಕೇಳುವ ಮಾತನ್ನೇ ಕೇಳಿದ:

"ಯಾರ ಕಡೆಯಿಂದ ಬಂದಿದೀರಿ?"

ಅವಳು ರಾಮಸ್ವಾಮಿಯವರ ಹೆಸರು ಹೇಳಬಹುದಿತ್ತು. ಹೇಳಿದರೆ ಕೆಲಸ ಬೇಗ ಆಗುತ್ತಿತ್ತು ಕೂಡ.

"ಯಾರ ಕಡೆಯಿಂದಾನೂ ಅಲ್ಲ. ನಾನೇ ಬಂದಿದೀನಿ. ಹೆಸರು ಯಶೋಧರಾ."

ಅವನು ಚೀಟಿಯಲ್ಲಿ ಯಶೋದಾ ಎಂದು ಬರೆಯತೊಡಗಿದ. ಅವಳು ಮೇಜಿನ ಮೇಲೆ ಸ್ವಲ್ಪ ಬಾಗಿ, ಕೂಗದೆ, ಅವಸರಪಡದೆ, "ಯಶೋ-ಧರಾ," ಎಂದಳು. ಬೆಂಚಿನ ಮೇಲಿನ ತಲೆಗಳೆಲ್ಲ ಮೇಲೆದ್ದವು. ಗುಮಾಸ್ತ ಬರೆದದ್ದನ್ನು ಹೊಡೆದು, ಹೊಸದಾಗಿ ಸರಿಯಾಗಿ ಬರೆದು, ಕುರ್ಚಿಯಿಂದ ಎದ್ದು ಚೀಟಿಯನ್ನು ತಾನೇ ಒಳಗೆ ತೆಗೆದುಕೊಂಡು ಹೋದ.